ದೊಡ್ಡ ಕಂಪನಿಯ ಮೇಲೆ ಒಂದು ದಾವೆ

ಕಾಫಿ ಕುಯ್ಲು ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ಸಕಲೇಶಪುರದ ನಮ್ಮ ಮನೆಯ ಜಗಲಿಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕುಳಿತ. ಆಲೂರು ಕಡೆಯ ಹಳ್ಳಿಯವನು. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ, ನಾಲ್ಕು ದನ ಅವನ ಬದುಕು. ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಮುಂದಿಟ್ಟ. ಒಳಗಿದ್ದುದು ಕಪ್ಪು ನೀರು. ಮುಚ್ಚಳ ತೆಗೆದೊಡನೆ ಹುಳಿ ನಾತ ಜಗಲಿಯನ್ನೆಲ್ಲ ತುಂಬಿತು. ಮೇಲಿನ ದೊಡ್ಡ ತೋಟದಲ್ಲಿ ಹಣ್ಣು ಪಲ್ಪಿಂಗ್ ಮಾಡಿದ ನೀರು ನೇರವಾಗಿ ಹಳ್ಳಕ್ಕೆ ಬರುತ್ತಿದೆಯೆಂದೂ, ದನಗಳು ಮೂಸಿ ನೋಡಿ ಕುಡಿಯದೆ ಹಿಂದಿರುಗುತ್ತಿವೆಯೆಂದೂ ಹೇಳಿದ. ಆ ತೋಟ ಒಂದು ಕಂಪನಿಯದು. ಹೆಸರು ಇಲ್ಲಿ ಬೇಡ.

"ಮೇಷ್ಟ್ರೇ, ಅಷ್ಟು ದೊಡ್ಡ ಕಂಪನಿ ಮೇಲೆ ನಮ್ಮಂಥೋರು ಕೇಸ್ ಹಾಕಕ್ಕಾಗುತ್ತಾ?" ಎಂದು ಕೇಳಿದ.

ನಾನು ಚರಿತ್ರೆಯ ಪಾಠ ಹೇಳಿದವನೇ ಹೊರತು ವಕೀಲನಲ್ಲ. ಆದುದರಿಂದ ಅವನಿಗೆ ಕಾನೂನು ಹೇಳಲಿಲ್ಲ, ಒಂದು ಚರಿತ್ರೆಯನ್ನು ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು, ಗುಂಡ್ಯ ದಾಟಿ, ನೆಲ್ಯಾಡಿಯಿಂದ ಬಲಕ್ಕೆ ತಿರುಗಿದರೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳು ಸಿಗುತ್ತವೆ. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ಗೇರು ತೋಪುಗಳಿದ್ದ ಸೀಮೆ ಅದು. ಅಲ್ಲಿಂದ ದಕ್ಷಿಣಕ್ಕೆ ಪುತ್ತೂರಿನ ಮೇಲೆ ಸಾಗಿ ರಾಜ್ಯದ ಗಡಿ ದಾಟಿದರೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿ, ಅದರೊಳಗೆ ಪಡ್ರೆ ಗ್ರಾಮ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಇದೆಲ್ಲವೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ ಆಗಿತ್ತು. ಇಂದಿಗೂ ಅಲ್ಲಿ ಕನ್ನಡ, ತುಳು ಮಾತನಾಡುವ ಮನೆಗಳು ಹೇರಳವಾಗಿವೆ. ಗಡಿಯ ಎರಡೂ ಬದಿಯ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರುಗಳು ಹಾರಾಡಿ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದವು. ಗೇರಿನ ಚಿಗುರು ಮತ್ತು ಹೂವನ್ನು ಒಣಗಿಸುವ ಟೀ ಸೊಳ್ಳೆಯ ಕಾಟ ತಪ್ಪಿಸುವುದು ಉದ್ದೇಶ. ಕಾಸರಗೋಡಿನಲ್ಲಿ ಈ ಸಿಂಪಡಣೆ ನಡೆಸಿದ್ದು ಕೇರಳ ಸರ್ಕಾರದ ಒಡೆತನದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್. 1970ರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ನಡೆಯಿತು.

ಈ ಔಷಧಿ ನಮಗೂ ಅಪರಿಚಿತವಲ್ಲ. ಕಾಫಿಯ ಕಾಯಿಕೊರಕಕ್ಕೆಂದು ನಮ್ಮ ಬೆಟ್ಟದ ತೋಟಗಳಲ್ಲಿಯೂ ಅದನ್ನು ಬಳಸಿದ ಕಾಲವಿತ್ತು. ಆದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಗಿಡಕ್ಕೆ ಹೊಡೆಯುವುದು ಬೇರೆ, ಆಕಾಶದಿಂದ ಸುರಿಯುವುದು ಬೇರೆ. ಗೇರು ಗುಡ್ಡದ ತುದಿಯಲ್ಲಿರುತ್ತದೆ, ಮನೆ, ಬಾವಿ, ತೋಡುಗಳು ಬುಡದಲ್ಲಿರುತ್ತವೆ. ಮೇಲೆ ಬಿದ್ದದ್ದು ಮಳೆಯೊಡನೆ ಕೆಳಗಿಳಿಯದೆ ಎಲ್ಲಿಗೆ ಹೋದೀತು?

ಮೊದಲು ಗಮನಿಸಿದವರು ವಿಜ್ಞಾನಿಗಳಲ್ಲ. 1979ರ ಸುಮಾರಿಗೆ ಪಡ್ರೆಯ ರೈತರೊಬ್ಬರ ಕೊಟ್ಟಿಗೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಆ ಊರಿನವರೇ ಆದ, ಮುಂದೆ 'ಅಡಿಕೆ ಪತ್ರಿಕೆ'ಯ ಸಂಪಾದಕರಾಗಿ ನಾಡಿಗೆಲ್ಲ ಪರಿಚಿತರಾದ ಶ್ರೀಪಡ್ರೆಯವರು ಈ ಸಂಗತಿಯನ್ನು ಪತ್ರಿಕೆಗಳಲ್ಲಿ ಬರೆದರು. ಯಾರೂ ಕಿವಿಗೊಡಲಿಲ್ಲ. 1980ರ ದಶಕದಲ್ಲಿ ಅಲ್ಲಿನ ವಾಣೀನಗರದಲ್ಲಿ ವೈದ್ಯವೃತ್ತಿ ಆರಂಭಿಸಿದ ಡಾ. ವೈ. ಎಸ್. ಮೋಹನ ಕುಮಾರರು ಒಂದೇ ತೋಡಿನ ಬದಿಯ ಮನೆಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಅರ್ಬುದ, ಅಂಗವೈಕಲ್ಯಗಳು ಅತಿಯಾಗಿ ಕಾಣುವುದನ್ನು ಗುರುತಿಸಿ, ಮನೆಮನೆಯ ವಿವರವನ್ನು ಬರೆದಿಟ್ಟುಕೊಂಡರು. ಓದುಗರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಯಾವ ನ್ಯಾಯಾಲಯಕ್ಕೆ ಹೋದರೂ ಮೂಲ ಬಂಡವಾಳವಾದದ್ದು ಇಂತಹ ಬರವಣಿಗೆಯೇ.

ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಇನ್ನೊಬ್ಬರು. ಪಡ್ರೆಯಿಂದ ದಕ್ಷಿಣಕ್ಕೆ, ಕಾಞಂಗಾಡಿನ ಬಳಿಯ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ ಕೃಷಿ ಇಲಾಖೆಯ ಕೆಳ ಹಂತದ ನೌಕರಿಯಲ್ಲಿದ್ದರು. ಗೇರು ತೋಪಿನ ಸಮೀಪವೇ ಅವರ ಮನೆ. ಹೆಲಿಕಾಪ್ಟರು ಬಂದುಹೋದ ಮೇಲೆ ಬಾವಿಯ ನೀರು, ಅಂಗಳದ ಗಿಡ, ಮನೆಯವರ ಆರೋಗ್ಯ ಎಲ್ಲವೂ ಕೆಡುವುದನ್ನು ಅವರು ಕಂಡರು. ಅಧಿಕಾರಿಗಳಿಗೆ ಕೊಟ್ಟ ಮನವಿಗಳಿಂದ ಫಲ ಸಿಗಲಿಲ್ಲ. 1998ರಲ್ಲಿ ಅವರು ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗವಲ್ಲ, ಕಾಞಂಗಾಡಿನ ಹೊಸದುರ್ಗ. ವಾದಿ ಸರ್ಕಾರಿ ಸಂಬಳ ತಿನ್ನುವ ಒಬ್ಬ ಹೆಂಗಸು, ಪ್ರತಿವಾದಿ ಅದೇ ಸರ್ಕಾರದ ದೊಡ್ಡ ಕಂಪನಿ.

ಇಲ್ಲಿ ಸ್ವಲ್ಪ ನಿಂತು, ನಿರ್ಲಕ್ಷ್ಯದ ದಾವೆಯೆಂದರೆ ಏನೆಂದು ನೋಡೋಣ. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಒಂದು ಹೋಟೆಲಿನಲ್ಲಿ ಮೇ ಡೊನಾಹ್ಯೂ ಎಂಬ ಬಡ ಮಹಿಳೆ ಶುಂಠಿಯ ಪಾನೀಯ ಕುಡಿದಳು. ಬಾಟಲಿಯ ತಳದಿಂದ ಕೊಳೆತ ಬಸವನಹುಳು ಹೊರಬಂದಿತೆಂಬುದು ಅವಳ ದೂರು. ದುಡ್ಡು ಕೊಟ್ಟು ಕೊಂಡವಳು ಅವಳ ಗೆಳತಿ. ಹೀಗಾಗಿ ಕುಡಿದವಳಿಗೂ ತಯಾರಕನಿಗೂ ಯಾವ ಕರಾರೂ ಇರಲಿಲ್ಲ. ಆದರೂ 1932ರಲ್ಲಿ ಬ್ರಿಟನ್ನಿನ ಪ್ರಭುಗಳ ಸಭೆಯ ಐವರು ನ್ಯಾಯಾಧೀಶರಲ್ಲಿ ಮೂವರು ಅವಳ ಪರವಾಗಿ ತೀರ್ಪಿತ್ತರು. ನಮ್ಮ ಕೆಲಸದಿಂದ ಯಾರಿಗೆ ಹಾನಿಯಾದೀತೆಂದು ಮೊದಲೇ ಊಹಿಸಬಹುದೋ ಅವರೆಲ್ಲ ಕಾನೂನಿನ ಕಣ್ಣಿಗೆ ನಮ್ಮ ನೆರೆಯವರು, ಅವರ ಬಗ್ಗೆ ಎಚ್ಚರ ವಹಿಸುವುದು ನಮ್ಮ ಹೊಣೆ ಎಂಬ ತತ್ವ ಅಲ್ಲಿ ನೆಲೆಗೊಂಡಿತು. ಭಾರತದ ನ್ಯಾಯಾಲಯಗಳೂ ಈ ತತ್ವವನ್ನು ಅನುಸರಿಸುತ್ತವೆ. ಆ ಮಹಿಳೆ ತಾನು ನಿರ್ಧನಳೆಂದು ಅನುಮತಿ ಪಡೆದು ಆ ಸಭೆಯಲ್ಲಿ ಮೇಲ್ಮನವಿ ನಡೆಸಿದವಳು ಎಂಬುದೂ ಗಮನಾರ್ಹ.

ಹಾಗಾಗಿ ವಾದಿ ನಾಲ್ಕು ಸಂಗತಿಗಳನ್ನು ಸಾಬೀತುಪಡಿಸಬೇಕು. ಎಚ್ಚರ ವಹಿಸುವ ಹೊಣೆ ಪ್ರತಿವಾದಿಗೆ ಇತ್ತು, ಆ ಹೊಣೆ ತಪ್ಪಿತು, ತನಗೆ ಹಾನಿಯಾಯಿತು, ಹಾನಿಗೆ ಆ ತಪ್ಪೇ ಕಾರಣ. ಮೊದಲ ಮೂರು ಹೇಗೋ ಸಾಧ್ಯ. ನಾಲ್ಕನೆಯದು ಬಡವನ ಬೆನ್ನು ಮುರಿಯುತ್ತದೆ. ಈ ಮಗುವಿನ ಅಪಸ್ಮಾರಕ್ಕೆ ಆ ಹೆಲಿಕಾಪ್ಟರೇ ಕಾರಣವೆಂದು ಯಾವ ತಾಯಿ ತಾನೇ ರುಜುವಾತು ಮಾಡಬಲ್ಲಳು?

ಲೀಲಾಕುಮಾರಿ ಅಮ್ಮನವರ ದಾವೆಯ ಮಹತ್ವ ನನಗೆ ಕಾಣುವುದು ಇಲ್ಲಿಯೇ. ಅವರು ಮುಖ್ಯವಾಗಿ ಬೇಡಿದ್ದು ಹಣವನ್ನಲ್ಲ, ತಡೆಯಾಜ್ಞೆಯನ್ನು. ಪರಿಹಾರ ಕೇಳುವವರು ಆಗಿಹೋದ ಹಾನಿಯ ಕಾರಣವನ್ನು ಪೂರ್ತಿಯಾಗಿ ಸ್ಥಾಪಿಸಬೇಕು. ತಡೆ ಕೇಳುವವರು ಮೇಲ್ನೋಟಕ್ಕೆ ಹುರುಳುಳ್ಳ ಪ್ರಕರಣವಿದೆಯೆಂದೂ, ತಡೆಯದಿದ್ದರೆ ತುಂಬಲಾರದ ನಷ್ಟವಾಗುವುದೆಂದೂ ತೋರಿಸಿದರೆ ಮಧ್ಯಂತರ ಆಜ್ಞೆ ದೊರೆಯಬಹುದು. ಹೊಸದುರ್ಗದ ನ್ಯಾಯಾಲಯ 1998ರಲ್ಲೇ ತಾತ್ಕಾಲಿಕ ತಡೆ ನೀಡಿತು. 2000ದಲ್ಲಿ ಆ ನ್ಯಾಯಾಲಯದ ಆದೇಶ ಮತ್ತೆ ಅವರ ಪರವಾಗಿಯೇ ಬಂತು. 2002ರಲ್ಲಿ ಕೇರಳ ಉಚ್ಚ ನ್ಯಾಯಾಲಯವೂ ಸಿಂಪಡಣೆಯ ವಿರುದ್ಧ ನಿಂತಿತು. ಇಪ್ಪತ್ತು ವರ್ಷಗಳ ಮನವಿಪತ್ರಗಳಿಂದ ನಿಲ್ಲದ ಹೆಲಿಕಾಪ್ಟರನ್ನು ತಾಲ್ಲೂಕು ಮಟ್ಟದ ಒಂದು ಸಣ್ಣ ನ್ಯಾಯಾಲಯ ನಿಲ್ಲಿಸಿತು.

ಕಾರಣದ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಜನರ ರಕ್ತದಲ್ಲಿ, ನೀರಿನಲ್ಲಿ ಎಂಡೋಸಲ್ಫಾನ್ ಇದೆಯೆಂದು ವರದಿ ಮಾಡಿದರೆ, ಕಾರ್ಪೊರೇಶನ್ ಮಾಡಿಸಿದ ಅಧ್ಯಯನ ರಕ್ತದಲ್ಲಿ ಇಲ್ಲವೆಂದಿತು. ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರು ಅಧ್ಯಯನಕ್ಕೆ ಆರಿಸಿಕೊಂಡದ್ದು ಶಾಲೆಯ ಮಕ್ಕಳನ್ನು! 2003ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಪಡ್ರೆಯ 117 ಗಂಡುಮಕ್ಕಳನ್ನು ಸಿಂಪಡಣೆಯಿಲ್ಲದ ಊರಿನ 90 ಮಕ್ಕಳೊಡನೆ ಹೋಲಿಸಲಾಗಿದೆ. ಪಡ್ರೆಯ ಮಕ್ಕಳ ರಕ್ತದಲ್ಲಿ ವಿಷದ ಪ್ರಮಾಣ ಹೆಚ್ಚಾಗಿತ್ತು, ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಕರೆದ ನನಗೆ ಆ ಅಂಕಿಗಳು ಬರಿಯ ಅಂಕಿಗಳಾಗಿ ಕಾಣಲಿಲ್ಲ. ಪಾಠ ತಲೆಗೆ ಹತ್ತದ ಮಕ್ಕಳನ್ನು ನಾವು ಗದರಿಸುತ್ತಿದ್ದೆವು. ತಪ್ಪು ಆ ಮಕ್ಕಳದೇ ಎಂದು ನಮಗೆ ಯಾರು ಹೇಳಿದ್ದರು?

2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಈ ಔಷಧಿಯನ್ನು ನಿಷೇಧಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದನ್ನು ಜಗತ್ತಿನಿಂದಲೇ ತೆಗೆದುಹಾಕುವ ನಿರ್ಧಾರ ಕೈಗೊಂಡವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದರ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ನೀಡಿತು. 2017ರ ಜನವರಿ 10ರಂದು ಅದೇ ನ್ಯಾಯಾಲಯ, ಐದು ಸಾವಿರಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಕೇವಲ 8 ಮಂದಿಗೆ. ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ! ನ್ಯಾಯಾಲಯ ಕಟುವಾಗಿ ನುಡಿದ ಮೇಲಷ್ಟೇ ಹಂಚಿಕೆ ಚುರುಕಾಯಿತು.

ತಡೆ ಕೇಳಿದವರಿಗೆ ಎರಡು ವರ್ಷ, ಪರಿಹಾರ ಕೇಳಿದವರಿಗೆ ಎರಡು ದಶಕ. ಇದೇ ಈ ಚರಿತ್ರೆಯ ಸಾರ. ಪರಿಹಾರ ಕೇಳಬಾರದೆಂದು ನಾನು ಹೇಳುತ್ತಿಲ್ಲ. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಅನಿಲ ಸೋರಿಕೆಯ ಪ್ರಕರಣದಲ್ಲಿ, 1986ರ ಡಿಸೆಂಬರ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯ ಅಪಾಯಕಾರಿ ಉದ್ಯಮ ನಡೆಸುವವರು ತಮ್ಮ ತಪ್ಪಿದ್ದರೂ ಇಲ್ಲದಿದ್ದರೂ ಹಾನಿಗೆ ಹೊಣೆ, ಕಂಪನಿ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕು ಎಂದು ಸಾರಿತು. ಭೋಪಾಲದ ದುರಂತ ನಡೆದು ಆಗ ಎರಡೇ ವರ್ಷವಾಗಿತ್ತು. ಆದರೆ ಭೋಪಾಲದ ಮೊಕದ್ದಮೆ 1989ರಲ್ಲಿ 47 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ತತ್ವ ದೊಡ್ಡದಿದ್ದರೂ ಸಂತ್ರಸ್ತರ ಕೈ ಸೇರಿದ್ದು ಸಣ್ಣದೇ.

ಇನ್ನು ನನ್ನ ವಿದ್ಯಾರ್ಥಿಯ ಹಳ್ಳ. ಪಲ್ಪಿಂಗ್ ನೀರನ್ನು ಎಂಡೋಸಲ್ಫಾನಿಗೆ ಹೋಲಿಸುವುದು ಅತಿಯಾದೀತು. ಆದರೆ ಮೇಲಿರುವವರು ಬಿಟ್ಟದ್ದು ಕೆಳಗಿರುವವರ ಬಾವಿಗೆ ಬರುತ್ತದೆಂಬ ಗುಡ್ಡದ ನಿಯಮ ಇಲ್ಲಿಗೂ ಅಲ್ಲಿಗೂ ಒಂದೇ. ಅವನಿಗೆ ನಾನು ಹೇಳಿದ್ದು ಇಷ್ಟು. ಇಂದೇ ಒಂದು ನೋಟ್‌ಪುಸ್ತಕ ಕೊಂಡುಕೋ. ನೀರು ಯಾವ ದಿನ ಕಪ್ಪಾಯಿತು, ಎಷ್ಟು ದಿನ ಇತ್ತು, ಯಾರ ದನಕ್ಕೆ ಏನಾಯಿತು, ದಿನಾಂಕ ಹಾಕಿ ಬರೆ. ನೆರೆಯವರಿಂದಲೂ ಬರೆಸಿ ಸಹಿ ಹಾಕಿಸು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು, ನೀರಿನ ಮಾದರಿಯನ್ನು ಅವರಿಂದಲೇ ತೆಗೆಸು, ಸ್ವೀಕೃತಿ ಇಟ್ಟುಕೋ. ದಾವೆಗೆ ಕಾಲಮಿತಿ ಇದೆ, ನಾಳೆ ನಾಳೆ ಎನ್ನಬೇಡ. ಕೋರ್ಟ್ ಶುಲ್ಕ ಕಟ್ಟಲಾಗದವರಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ದಾರಿಯಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಹೆಂಗಸರಿಗಂತೂ ಆದಾಯದ ಮಿತಿಯೇ ಇಲ್ಲ. ವಕೀಲರ ಬಳಿ ಹೋದಾಗ ಎಷ್ಟು ದುಡ್ಡು ಬರುತ್ತದೆಂದು ಮೊದಲು ಕೇಳಬೇಡ, ನೀರು ಹೇಗೆ ನಿಲ್ಲುತ್ತದೆಂದು ಕೇಳು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತೋಟಕ್ಕೇ ನಮ್ಮೂರೋರು ಕೂಲಿಗೆ ಹೋಗ್ತಾರಲ್ಲ ಮೇಷ್ಟ್ರೇ, ಯಾರು ಸಹಿ ಹಾಕ್ತಾರೆ?" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಲೀಲಾಕುಮಾರಿ ಅಮ್ಮನವರೂ ಯಾರ ಸಂಬಳ ತಿನ್ನುತ್ತಿದ್ದರೋ ಆ ಸರ್ಕಾರದ ಕಂಪನಿಯ ಎದುರೇ ನಿಂತವರು ಎಂದಷ್ಟೇ ನೆನಪಿಸಿದೆ.

ಬಾಟಲಿಯನ್ನು ನಮ್ಮ ಜಗಲಿಯಲ್ಲೇ ಬಿಟ್ಟು ಹೋದ. ಹದಿನೈದು ದಿನದ ಮೇಲೆ ಮತ್ತೆ ಬಂದಾಗ ಅವನ ಕೈಯಲ್ಲಿ ಇನ್ನೂರು ಪುಟದ ಪುಸ್ತಕವಿತ್ತು. ಮೊದಲ ನಾಲ್ಕು ಪುಟ ತುಂಬಿತ್ತು. ಅಕ್ಷರ ಅಂದಿನಂತೆಯೇ ಸೊಟ್ಟ, ಆದರೆ ಪ್ರತಿ ಸಾಲಿಗೂ ದಿನಾಂಕವಿತ್ತು. ಕೊನೆಯಲ್ಲಿ ಮೂರು ಸಹಿಗಳು. ಅವುಗಳಲ್ಲಿ ಒಂದು ಹೆಬ್ಬೆಟ್ಟು.