ಕಾರಿನಲ್ಲಿ ರೇಡಿಯೋ ಹಾಡಿದ ಕಥೆ

ಬೆಂಗಳೂರಿನಿಂದ ಮೈಸೂರಿನತ್ತ ಕಾರಿನಲ್ಲಿ ಹೊರಟವರಿಗೆ ಇದು ಅನುಭವಕ್ಕೆ ಬಂದಿರಬಹುದು. ಊರು ಬಿಡುವವರೆಗೆ ಸೊಗಸಾಗಿ ಕೇಳುತ್ತಿದ್ದ ಎಫ್‌.ಎಂ. ಹಾಡು ರಾಮನಗರದ ಬಂಡೆಗಳನ್ನು ದಾಟುತ್ತಿದ್ದಂತೆ ಗರಗರ ಎನ್ನತೊಡಗುತ್ತದೆ. ಹಳೆಯ ಸೆಟ್ಟುಗಳಲ್ಲಿ ಮೀಡಿಯಂ ವೇವ್‌ಗೆ ಬದಲಿಸಿಕೊಂಡರೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ದಾರಿಯುದ್ದಕ್ಕೂ ಜೊತೆಗೆ ಬರುತ್ತಿತ್ತು. ಈ ವ್ಯತ್ಯಾಸದ ಹಿಂದೆ ಸ್ವಾರಸ್ಯವಾದ ಇತಿಹಾಸವೊಂದಿದೆ.

1930ರ ಜೂನ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತಯಾರಕರ ಸಮ್ಮೇಳನ ನಡೆಯಿತು. ಷಿಕಾಗೋದ ಪಾಲ್ ಗಾಲ್ವಿನ್ ಅವರಿಗೆ ಅಲ್ಲಿ ಮಳಿಗೆ ಹಾಕುವ ಅನುಕೂಲವಿರಲಿಲ್ಲ. ತಮ್ಮ ಸ್ಟುಡಿಬೇಕರ್ ಕಾರನ್ನೇ ಹೊರಗೆ ನಿಲ್ಲಿಸಿ, ಅದರೊಳಗಿನ ರೇಡಿಯೋದ ಸದ್ದು ಹೆಚ್ಚಿಸಿ ಹೋಗಿಬರುವವರನ್ನು ಸೆಳೆದರು. ಈ ರೇಡಿಯೋಗೆ ಅವರು ಇಟ್ಟ ಹೆಸರು 'ಮೋಟೊರೋಲಾ'. ಮುಂದೆ ಕಂಪನಿಯ ಹೆಸರೂ ಅದೇ ಆಯಿತು. ಬೆಲೆ 100 ಡಾಲರಿಗೂ ಮೇಲೆ. ಆಗ ಫೋರ್ಡ್ ಮಾಡೆಲ್ ಎ ಕಾರಿನ ಬೆಲೆಯೇ 500 ಡಾಲರ್ ಆಸುಪಾಸು!

ರೇಡಿಯೋ ಕೂರಿಸುವುದು ಸುಲಭವಾಗಿರಲಿಲ್ಲ. ಅದರ ವಾಲ್ವುಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜಿಗಾಗಿ ಕಾರಿನ ನೆಲದಡಿ ಬೇರೆ ಬ್ಯಾಟರಿಗಳನ್ನಿಡಬೇಕಿತ್ತು. ಅದಕ್ಕಿಂತ ದೊಡ್ಡ ತಲೆನೋವೆಂದರೆ ಎಂಜಿನ್ನಿನದು. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಕೇಂದ್ರವಿದ್ದಂತೆ. ಹಾಡಿನ ನಡುವೆ ಚಟಪಟ ಸದ್ದು ತೂರಿಸುತ್ತಿತ್ತು. ಪ್ಲಗ್ಗಿನ ತಂತಿಗೆ ರೆಸಿಸ್ಟರ್, ಡೈನಮೋಗೆ ಕಂಡೆನ್ಸರ್ ಜೋಡಿಸಿ ಈ ಕಾಟವನ್ನು ತಗ್ಗಿಸಲಾಯಿತು.

ಮೀಡಿಯಂ ವೇವ್‌ನಲ್ಲಿ ಧ್ವನಿಯನ್ನು ಹೊತ್ತೊಯ್ಯುವುದು ಅಲೆಯ ಎತ್ತರದ ಏರಿಳಿತ. ಕಿಡಿಯೂ ಅದೇ ಎತ್ತರವನ್ನು ಕೆಡಿಸುವುದರಿಂದ ಸದ್ದು ಬೆರೆಯುತ್ತದೆ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಎಫ್‌.ಎಂ. ವಿಧಾನದಲ್ಲಿ ಎತ್ತರದ ಬದಲು ಅಲೆಯ ಕಂಪನ ವೇಗ ಬದಲಾಗುತ್ತದೆ. ಹಾಗಾಗಿ ಧ್ವನಿ ಶುದ್ಧ. 1952ರಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಕಂಪನಿ ಇದನ್ನು ಕಾರಿಗೂ ತಂದಿತು. ನಮ್ಮ ದೇಶದ ಮೊದಲ ಖಾಸಗಿ ಎಫ್‌.ಎಂ. ಕೇಂದ್ರ 2001ರ ಜುಲೈನಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ.

ಆದರೆ ಎಫ್‌.ಎಂ.ಗೊಂದು ಮಿತಿಯಿದೆ. ಅದರ ಅಲೆಯ ಉದ್ದ ಸುಮಾರು 3 ಮೀಟರ್. ಅದು ಬಹುಮಟ್ಟಿಗೆ ನೇರ ದಾರಿಯಲ್ಲೇ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಕೆಟ್ಟ ಹಾಡು ಕಾರು ಒಂದು ಮಾರು ಮುಂದೆ ಹೋದರೆ ಸರಿಯಾಗುವುದುಂಟು. ಕಟ್ಟಡಗಳಿಗೆ ಬಡಿದು ಬಂದ ಅಲೆ ನೇರವಾಗಿ ಬಂದ ಅಲೆಯನ್ನು ಅಲ್ಲಲ್ಲಿ ಅಳಿಸಿಹಾಕುವುದೇ ಇದಕ್ಕೆ ಕಾರಣ. 612 ಕಿಲೋಹರ್ಟ್ಸ್‌ನ ಅಲೆಯೋ ಸುಮಾರು 490 ಮೀಟರ್ ಉದ್ದದ್ದು. ನೆಲದ ಮೈಗೆ ಅಂಟಿಕೊಂಡೇ ದೂರ ಸಾಗುತ್ತದೆ. ರಾತ್ರಿ ವಾಯುಮಂಡಲದ ಮೇಲ್ಪದರದಲ್ಲಿ ಪ್ರತಿಫಲಿಸಿ ನೂರಾರು ಮೈಲಿ ದಾಟುತ್ತದೆ.

ಹಳೆಯ ಸೆಟ್ಟಿನ ಗುಂಡಿಗಳಿಗೂ ಇದೇ ಹಿನ್ನೆಲೆ. 'ಲೋಕಲ್' ಗುಂಡಿ ಒತ್ತಿದರೆ ಹತ್ತಿರದ ಬಲವಾದ ಕೇಂದ್ರಗಳಷ್ಟೇ ಸಿಗುತ್ತವೆ. 'ಡಿಎಕ್ಸ್' ದೂರದವನ್ನೂ ಹುಡುಕುತ್ತದೆ. ಎಫ್‌.ಎಂ. ಕ್ಷೀಣಿಸಿದಾಗ 'ಸ್ಟೀರಿಯೋ' ಬಿಟ್ಟು 'ಮೋನೋ'ಗೆ ಬಂದರೆ ಗರಗರ ಕಡಿಮೆಯಾಗುತ್ತದೆ. ಮೆಚ್ಚಿನ ಕೇಂದ್ರವನ್ನು ನೆನಪಿಡಿಸಲು ಒತ್ತುಗುಂಡಿಯನ್ನು ಹೊರಗೆಳೆದು ಮತ್ತೆ ಒಳಗೆ ಒತ್ತಿದರೆ ಸಾಕಿತ್ತು.

ವಿಚಿತ್ರವೆಂದರೆ 1930ರ ಸಮಸ್ಯೆ ಈಗ ಮರಳಿದೆ. ವಿದ್ಯುತ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ನಿಜ. ಆದರೆ ಮೋಟಾರನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಉಪಕರಣಗಳು ಮೀಡಿಯಂ ವೇವ್‌ಗೆ ಅಡ್ಡಿ ಮಾಡುತ್ತವೆ. ಇದೇ ಕಾರಣಕ್ಕೆ ಕೆಲವು ತಯಾರಕರು ಆ ಬ್ಯಾಂಡನ್ನೇ ಕೈಬಿಟ್ಟರು. ಫೋರ್ಡ್ ಕೂಡ ಅದನ್ನು ಕೈಬಿಡಲು ಹೊರಟು, ತುರ್ತು ಎಚ್ಚರಿಕೆ ಜನರನ್ನು ತಲುಪಬೇಡವೇ ಎಂಬ ಆಕ್ಷೇಪ ಬಂದಾಗ 2023ರ ಮೇ ತಿಂಗಳಲ್ಲಿ ನಿರ್ಧಾರ ಬದಲಿಸಿತು.

ಆಕ್ಷೇಪದಲ್ಲಿ ಹುರುಳಿದೆ. ಬಿರುಗಾಳಿಗೆ ಊರೂರಿನ ಮೊಬೈಲ್ ಗೋಪುರಗಳು ಸ್ತಬ್ಧವಾದರೂ ದೂರದ ಒಂದೇ ಪ್ರಸಾರ ಸ್ತಂಭ ಹಲವು ಜಿಲ್ಲೆಗಳಿಗೆ ಸುದ್ದಿ ಮುಟ್ಟಿಸಬಲ್ಲದು. ಕೇಳಿಸಿಕೊಳ್ಳಲು ರೇಡಿಯೋ ಮಾತ್ರ ಕಾರಿನಲ್ಲಿರಬೇಕು.