ನೇಗಿಲ ಸಾಲೂ ಗೋದಿಯ ತೆನೆಯೂ

ಭೂಮಿಯನ್ನು ಎಷ್ಟು ಉತ್ತರೆ ಅಷ್ಟು ಬೆಳೆ ಎಂಬ ನಂಬಿಕೆ ಬಹು ಪ್ರಾಚೀನವಾದುದು. ನೇಗಿಲನ್ನು ಪೂಜಿಸದ ಕೃಷಿಕ ಜನಾಂಗ ವಿರಳ. ಆದರೆ ಈ ನಂಬಿಕೆ ಎಲ್ಲ ನೆಲಕ್ಕೂ ಎಲ್ಲ ಕಾಲಕ್ಕೂ ಸಲ್ಲುವುದೇ ಎಂಬ ಪ್ರಶ್ನೆಯನ್ನು ಇತಿಹಾಸವು ಮತ್ತೆ ಮತ್ತೆ ಎತ್ತಿದೆ. ಗೋದಿಯ ಬೆಳೆಯ ಚರಿತ್ರೆಯಲ್ಲಿ ಅದಕ್ಕೆ ದೊರೆತ ಉತ್ತರಗಳು ಒಕ್ಕಲುತನದ ಮನೆಗಳಿಂದ ಬಂದ ನಮ್ಮ ಓದುಗರೆಲ್ಲರೂ ಅರಿಯತಕ್ಕವು.

ಉಳುಮೆಯ ಪ್ರಾಚೀನತೆಗೆ ನಮ್ಮ ದೇಶದಲ್ಲಿಯೇ ಸಾಕ್ಷ್ಯವುಂಟು. ರಾಜಸ್ಥಾನದ ಕಾಲಿಬಂಗಾದಲ್ಲಿ 1960ರ ದಶಕದಲ್ಲಿ ನಡೆದ ಉತ್ಖನನದಲ್ಲಿ, ಕ್ರಿಸ್ತಪೂರ್ವ 2800ರ ಸುಮಾರಿನ ಉತ್ತ ಹೊಲವೊಂದು ಗೋಚರವಾಯಿತು. ಅದರ ಸಾಲುಗಳು ಎರಡು ದಿಕ್ಕಿಗೆ ಅಡ್ಡಡ್ಡವಾಗಿವೆ. ಒಂದು ದಿಕ್ಕಿನವು ಸುಮಾರು 30 ಸೆಂಟಿಮೀಟರ್ ಅಂತರದಲ್ಲಿಯೂ ಇನ್ನೊಂದು ದಿಕ್ಕಿನವು ಸುಮಾರು 190 ಸೆಂಟಿಮೀಟರ್ ಅಂತರದಲ್ಲಿಯೂ ಇವೆ. ಹರಿಯಾಣದ ಬನಾವಲಿಯಲ್ಲಿ ಮಣ್ಣಿನಿಂದ ಮಾಡಿದ ನೇಗಿಲಿನ ಮಾದರಿಯೂ ದೊರೆತಿದೆ. ಆ ಕಾಲದ ನೇಗಿಲು ಮಣ್ಣನ್ನು ಸೀಳುತ್ತಿತ್ತೇ ಹೊರತು ಬುಡಮೇಲಾಗಿ ಮಗುಚುತ್ತಿರಲಿಲ್ಲ ಎಂಬುದು ಗಮನಾರ್ಹ.

ಹೆಚ್ಚು ಉಳುಮೆಯೇ ಹೆಚ್ಚು ಇಳುವರಿಯ ಮೂಲವೆಂಬುದನ್ನು ಒಂದು ಸಿದ್ಧಾಂತವನ್ನಾಗಿಸಿದವನು ಇಂಗ್ಲೆಂಡಿನ ಜೆತ್ರೊ ಟಲ್. 18ನೆಯ ಶತಮಾನದ ಆರಂಭದಲ್ಲಿ ಬೀಜ ಬಿತ್ತುವ ಯಂತ್ರವನ್ನು ರಚಿಸಿದ ಈತನು 1733ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಸಸ್ಯಗಳು ಮಣ್ಣಿನ ಸೂಕ್ಷ್ಮ ಕಣಗಳನ್ನೇ ಆಹಾರವಾಗಿ ಸೇವಿಸುತ್ತವೆ, ಆದುದರಿಂದ ಮಣ್ಣನ್ನು ಹುಡಿಗೊಳಿಸಿದಷ್ಟೂ ಬೆಳೆ ಪುಷ್ಟವಾಗುತ್ತದೆ ಎಂದು ವಾದಿಸಿದನು. ಗೊಬ್ಬರವಿಲ್ಲದೆಯೇ ಒಂದೇ ಹೊಲದಲ್ಲಿ ವರ್ಷಾನುವರ್ಷ ಗೋದಿಯನ್ನು ಬೆಳೆದೂ ತೋರಿಸಿದನು. ಆತನ ಅನುಭವ ಸತ್ಯವಾಗಿತ್ತು, ವಿವರಣೆ ಮಾತ್ರ ತಪ್ಪಾಗಿತ್ತು. ಉತ್ತ ಮಣ್ಣಿನೊಳಗೆ ಗಾಳಿಯಾಡಿದಾಗ ಸೂಕ್ಷ್ಮಜೀವಿಗಳು ಅಲ್ಲಿಯ ಸಾವಯವ ಪದಾರ್ಥವನ್ನು ಬೇಗನೆ ಕೊಳೆಯಿಸುತ್ತವೆ. ಅದರಲ್ಲಿ ಅಡಗಿದ್ದ ಸಾರಜನಕ ಬಿಡುಗಡೆಯಾಗಿ ಬೆಳೆಗೆ ಒದಗುತ್ತದೆ, ಕಳೆಯೂ ಸಾಯುತ್ತದೆ. ಎಂದರೆ ಉಳುಮೆಯು ನೆಲದ ಬಂಡವಾಳವನ್ನು ಕರಗಿಸಿ ಅಂದಿನ ಖರ್ಚಿಗೆ ಕೊಡುತ್ತದೆ. ಬಂಡವಾಳವಿರುವ ತನಕ ಇಳುವರಿ ಏರುವುದು ಸಹಜ.

ಆ ಬಂಡವಾಳ ತೀರಿದಾಗ ಏನಾಗುವುದೆಂಬುದನ್ನು ಅಮೆರಿಕೆಯ ಬಯಲುಸೀಮೆ ಕಂಡಿತು. 1837ರಲ್ಲಿ ಇಲಿನಾಯ್ ಪ್ರಾಂತದ ಕಮ್ಮಾರ ಜಾನ್ ಡೀರ್ ಜಿಗುಟು ಮಣ್ಣು ಅಂಟಿಕೊಳ್ಳದ ಉಕ್ಕಿನ ನೇಗಿಲನ್ನು ತಯಾರಿಸಿದನು. ಹುಲ್ಲಿನ ಬೇರುಗಳಿಂದ ಹೆಣೆದುಕೊಂಡಿದ್ದ ಅಖಂಡ ಬಯಲುಗಳು ಕ್ರಮೇಣ ಉಳುಮೆಗೆ ಒಳಗಾದವು. ಮೊದಲ ಮಹಾಯುದ್ಧದಲ್ಲಿ ಗೋದಿಯ ಬೆಲೆ ಏರಿದಾಗ ಪಶ್ಚಿಮದ ಒಣಸೀಮೆಯೂ ನೇಗಿಲಿಗೆ ಸಿಕ್ಕಿತು. 1920ರ ದಶಕದಲ್ಲಿ ಟ್ರ್ಯಾಕ್ಟರ್ ಎಳೆಯುವ ಡಿಸ್ಕ್ ನೇಗಿಲು ಮಣ್ಣನ್ನು ಹಿಟ್ಟಿನಂತೆ ಮಾಡಿತು. 1930ರ ದಶಕದಲ್ಲಿ ಮಳೆ ತಪ್ಪಿದೊಡನೆ ಆ ಹಿಟ್ಟು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರಂದು ಹಗಲೇ ಕತ್ತಲೆ ಕವಿಸಿದ ಧೂಳಿನ ಬಿರುಗಾಳಿ 'ಕಪ್ಪು ಭಾನುವಾರ'ವೆಂದೇ ಹೆಸರಾಗಿದೆ. ಅದೇ ತಿಂಗಳು 27ರಂದು ಮಣ್ಣಿನ ಸಂರಕ್ಷಣೆಯ ಶಾಸನವು ಜಾರಿಗೆ ಬಂದು, ಹ್ಯೂ ಬೆನೆಟ್ ಆ ಇಲಾಖೆಯ ಮುಖ್ಯಸ್ಥನಾದನು.

ಆಪತ್ತಿನಿಂದ ವಿಚಾರ ಹುಟ್ಟಿತು. ಕೆನಡಾದ ಆಲ್ಬರ್ಟಾದಲ್ಲಿ ಚಾರ್ಲ್ಸ್ ನೋಬಲ್ ಎಂಬ ರೈತನು ಒಂದು ಹೊಸ ಸಲಕರಣೆಯನ್ನು ರೂಪಿಸಿದನು. ಅದರ ಅಡ್ಡ ಅಲಗು ನೆಲದೊಳಗೆ ಸಾಗಿ ಕಳೆಯ ಬೇರನ್ನು ಕತ್ತರಿಸುತ್ತಿತ್ತು; ಮೇಲಿನ ಕೂಳೆ ಹಾಗೆಯೇ ನಿಂತು ಮಣ್ಣನ್ನು ಕಾಯುತ್ತಿತ್ತು. 1943ರಲ್ಲಿ ಎಡ್ವರ್ಡ್ ಫಾಕ್ನರ್ ಮಗುಚುವ ನೇಗಿಲನ್ನೇ ಅಲ್ಲಗಳೆಯುವ ಪುಸ್ತಕ ಬರೆದು ವಿದ್ವಾಂಸರನ್ನು ಕೆರಳಿಸಿದನು. ಮುಂದೆ ಕಳೆನಾಶಕಗಳು ಬಂದ ಮೇಲೆ ಉಳದೆಯೇ ಬಿತ್ತುವುದು ಕಾರ್ಯಸಾಧ್ಯವಾಯಿತು.

ನೋಬಲ್‌ನ ಅಲಗಿನ ವರ್ಣನೆಯನ್ನು ಓದಿದ ವಿಜಾಪುರ, ಧಾರವಾಡ, ಬೆಳಗಾವಿ ಸೀಮೆಯ ರೈತನಿಗೆ ತನ್ನ ಕುಂಟೆಯ ನೆನಪಾಗದಿರದು. ನಮ್ಮ ಎರೆಭೂಮಿಯಲ್ಲಿ ಪ್ರತಿವರ್ಷ ರಂಟೆ ಹೊಡೆಯುವ ಪದ್ಧತಿ ಹಿಂದೆ ಇರಲಿಲ್ಲ. ಕರಿಕೆ, ಜೇಕುಗಳಂಥ ಆಳಬೇರಿನ ಕಳೆ ಹೆಚ್ಚಿದಾಗ ಕೆಲವು ವರ್ಷಗಳಿಗೊಮ್ಮೆ ಆಳವಾಗಿ ಉತ್ತು, ಉಳಿದ ವರ್ಷಗಳಲ್ಲಿ ಕುಂಟೆಯಿಂದ ಹರಗುವುದೇ ರೂಢಿ. ಮುಂಗಾರಿನಲ್ಲಿ ಪದೇ ಪದೇ ಹರಗಿದ ನೆಲದಲ್ಲಿ ಕಳೆ ಸಾಯುತ್ತದೆ, ಬಿರುಕು ಮುಚ್ಚುತ್ತದೆ, ಮೇಲಿನ ಸಡಿಲ ಮಣ್ಣು ಹೊದಿಕೆಯಾಗಿ ಕೆಳಗಿನ ಹಸಿಯನ್ನು ಕಾಪಾಡುತ್ತದೆ. ಹಿಂಗಾರಿನಲ್ಲಿ ಕೂರಿಗೆಯಿಂದ ಬಿತ್ತಿದ ಗೋದಿ ಆ ಹಸಿಯನ್ನೇ ನಂಬಿ ತೆನೆಗಟ್ಟುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದಾಗ ರೂಪುಗೊಂಡ ಮುಂಬಯಿ ಪದ್ಧತಿಯೂ ಒಡ್ಡು ಹಾಕುವುದು, ಮೂರು ವರ್ಷಕ್ಕೊಮ್ಮೆ ಆಳವಾದ ಉಳುಮೆ, ಮೇಲಿಂದ ಮೇಲೆ ಹರಗುವುದು ಎಂಬ ಕ್ರಮವನ್ನೇ ಅಂಗೀಕರಿಸಿತು. ಆದರೆ ಒಂದು ಭೇದವನ್ನು ಮರೆಯಬಾರದು. ನಮ್ಮಲ್ಲಿ ಕಣಿಕೆ, ಹೊಟ್ಟು ದನಗಳ ಮೇವಾಗಿ ಹೋಗುವುದರಿಂದ ನೆಲಕ್ಕೆ ಕೂಳೆಯ ರಕ್ಷೆ ಅಲ್ಪ. ಆ ಕೊರತೆಯನ್ನು ಕೊಟ್ಟಿಗೆ ಗೊಬ್ಬರದಿಂದ ತುಂಬಬೇಕಾಗುತ್ತದೆ.

ಉತ್ತರ ಭಾರತದ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಕೆಸರುಗದ್ದೆಯ ಭತ್ತವನ್ನು ಕೊಯ್ದ ಮೇಲೆ ಗೋದಿಯನ್ನು ಬಿತ್ತಬೇಕು. ಹೆಂಟೆಗಟ್ಟಿದ ಗದ್ದೆಯನ್ನು ಅನೇಕ ಸಲ ಉಳುವಷ್ಟರಲ್ಲಿ ಬಿತ್ತನೆಯ ಹದ ಮೀರುತ್ತದೆ. ನವೆಂಬರ್ ನಡುವಣ ಸಕಾಲ ದಾಟಿದ ಮೇಲೆ ತಡವಾದ ಒಂದೊಂದು ದಿನಕ್ಕೂ ಇಳುವರಿ ಶೇಕಡಾ 1ರಿಂದ 1.5ರಷ್ಟು ತಗ್ಗುವುದೆಂದು ಸಂಶೋಧಕರು ಕಂಡುಕೊಂಡರು; ಕಾಳು ತುಂಬುವ ವೇಳೆಗೆ ಮಾರ್ಚಿಯ ಬಿಸಿಲು ಎರಗುವುದೇ ಇದಕ್ಕೆ ಕಾರಣ. 1990ರ ದಶಕದ ಆರಂಭದಲ್ಲಿ ಪಂತನಗರದ ವಿಶ್ವವಿದ್ಯಾಲಯವು ಉಳದ ಗದ್ದೆಯಲ್ಲಿಯೇ ಬೀಜವಿಳಿಸುವ ಕೂರಿಗೆಯನ್ನು ಸಿದ್ಧಪಡಿಸಿತು. ಅದೇ ಹೊತ್ತಿಗೆ ಹರಿಯಾಣದಲ್ಲಿ 'ಗುಲ್ಲಿಡಂಡಾ' ಎಂಬ ಕಳೆ ಔಷಧಿಗೂ ಬಗ್ಗದೆ ಗೋದಿಯನ್ನು ನುಂಗುತ್ತಿತ್ತು. ಮಣ್ಣು ಕದಡದ ಹೊಲದಲ್ಲಿ ಅದರ ಮೊಳಕೆ ಕಡಿಮೆಯಾದುದನ್ನು ಕಂಡ ರೈತರು ಹೊಸ ಕೂರಿಗೆಯನ್ನು ಸ್ವೀಕರಿಸಿದರು. ಇಲ್ಲಿ ಇಳುವರಿ ಹೆಚ್ಚಿಸಿದ್ದು ಉಳುಮೆಯ ಅಭಾವವೆಂಬುದಕ್ಕಿಂತ ಉಳಿಸಿದ ಕಾಲ ಎನ್ನುವುದು ಯುಕ್ತ.

ಹಾಗಾದರೆ ನೇಗಿಲನ್ನು ಅಟ್ಟಕ್ಕೇರಿಸಬಹುದೇ? ಪ್ರಮಾಣಗಳು ಅಷ್ಟು ಸರಳವಾದ ಉತ್ತರವನ್ನು ಕೊಡುವುದಿಲ್ಲ. 2014ರಲ್ಲಿ ಜಗತ್ತಿನ 610 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದಾಗ, ಉಳದೆ ಬೆಳೆದ ಬೆಳೆಗಳ ಇಳುವರಿ ಸರಾಸರಿ ಶೇಕಡಾ 5.7ರಷ್ಟು ಕಡಿಮೆಯೆಂದು ತಿಳಿಯಿತು. ಮರುವರ್ಷದ ವಿಶ್ಲೇಷಣೆಯಲ್ಲಿ ಗೋದಿಯ ನಷ್ಟ ಶೇಕಡಾ 2.6 ಮಾತ್ರ, ಮೆಕ್ಕೆಜೋಳ, ಭತ್ತಗಳದು ಶೇಕಡಾ 7ನ್ನು ಮೀರಿತ್ತು. ಆದರೆ ಕೂಳೆಯನ್ನು ನೆಲದ ಮೇಲೆ ಬಿಟ್ಟು, ಬೆಳೆಯ ಸರದಿಯನ್ನೂ ಪಾಲಿಸಿದ ಮಳೆಯಾಶ್ರಿತ ಒಣಸೀಮೆಗಳಲ್ಲಿ ಇಳುವರಿ ಶೇಕಡಾ 7.3ರಷ್ಟು ಹೆಚ್ಚಿತು. ಉಳುಮೆಯನ್ನು ಮಾತ್ರ ಬಿಟ್ಟು ಉಳಿದೆರಡನ್ನು ಕೈಬಿಟ್ಟವನಿಗೆ ಲಾಭ ಕಾಣದು ಎಂಬುದು ಇದರ ತಾತ್ಪರ್ಯ.

ಇತಿಹಾಸದ ಬೋಧೆ ಇಷ್ಟೇ. ನೇಗಿಲು ಒಂದು ಸಾಧನ; ಮಣ್ಣು ಮೂಲಧನ. ಬೆರಳಗಲದ ಮೇಲ್ಮಣ್ಣು ಕೂಡಲು ಶತಮಾನಗಳು ಬೇಕು. ಅದು ಹಾರಿಹೋಗಲು ಒಂದು ಬೇಸಗೆ ಸಾಕು. ಇಂದು ಬಾಡಿಗೆಯ ಟ್ರ್ಯಾಕ್ಟರ್ ಊರೂರಿಗೂ ದೊರೆಯುತ್ತಿರುವಾಗ ಪ್ರತಿವರ್ಷವೂ ಆಳವಾಗಿ ಉಳುವುದು ಸುಲಭ. ಸುಲಭವಾದುದೆಲ್ಲವೂ ಹಿತವಲ್ಲ. ಈ ವರ್ಷದ ರಾಶಿಯೊಡನೆ ಮೊಮ್ಮಕ್ಕಳ ರಾಶಿಯನ್ನೂ ಎಣಿಸುವವನು ನೆಲದ ಬಣ್ಣ, ಹಸಿಯ ಆಳ, ಕಳೆಯ ಜಾತಿಗಳನ್ನು ನೋಡಿ ರಂಟೆಯೋ ಕುಂಟೆಯೋ ಎಂದು ನಿರ್ಣಯಿಸುವನು. ಕುಂಟೆ ಹಿಡಿದ ನಮ್ಮ ಹಿರಿಯರಲ್ಲಿ ಆ ವಿವೇಕವಿತ್ತು. ಅದನ್ನು ಉಳಿಸಿಕೊಳ್ಳುವುದು ನಮ್ಮ ಪಾಲಿನ ಹೊಣೆ.