ದೀಪಾ ಧನರಾಜ್
ಬೆಂಗಳೂರನ್ನು ನೆಲೆಯಾಗಿಸಿಕೊಂಡ ಸಾಕ್ಷ್ಯಚಿತ್ರ ನಿರ್ದೇಶಕಿ. ಹೆಣ್ಣಿನ ದುಡಿಮೆ, ದೇಹ ಮತ್ತು ನ್ಯಾಯ ಇವರ ಚಿತ್ರಗಳ ಮುಖ್ಯ ವಸ್ತು. 1980ರಲ್ಲಿ ಅಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಜೊತೆಗೂಡಿ 'ಯುಗಾಂತರ್' ಎಂಬ ಸ್ತ್ರೀವಾದಿ ಚಿತ್ರತಂಡ ಕಟ್ಟಿದರು. ತಂಡದ ಮೊದಲ ಚಿತ್ರ 'ಮೋಲ್ಕರೀಣ್' (1981) ಪುಣೆಯ ಮನೆಗೆಲಸದವರ ಸಂಘಟನೆಯದು.

ಕನ್ನಡಿಗರಿಗೆ ಹತ್ತಿರದ್ದು 'ತಂಬಾಕು ಚಾಕಿಲ ಊಬ್ ಆಲಿ' (1982). ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದೂಳು ಕುಡಿಯುತ್ತ ದುಡಿದು, ಕೊನೆಗೆ ಸಂಘ ಕಟ್ಟಿ ಮುಷ್ಕರ ಹೂಡಿದ ಹೆಂಗಸರ ಕಥೆ ಇದು. ಆ ಹೆಂಗಸರು ಇಲ್ಲಿ ಬರೀ ಚಿತ್ರದ ವಸ್ತುವಲ್ಲ, ಅದನ್ನು ರೂಪಿಸಿದವರಲ್ಲೂ ಸೇರಿದವರು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುವವರನ್ನು ಕಂಡವರಿಗೆ ಆ ಮುಖಗಳು ಅಪರಿಚಿತವೆನಿಸವು. ಬೀಡಿಯೊಳಗಿನ ತಂಬಾಕಿನ ಪುಡಿಗೂ ಇಂಥ ಹೆಂಗಸರ ದುಡಿಮೆಯ ಹಿನ್ನೆಲೆಯಿದೆಯಲ್ಲ!

ಮುಂದಿನ ಚಿತ್ರಗಳಲ್ಲಿ 'ಕ್ಯಾ ಹುವಾ ಇಸ್ ಶಹರ್ ಕೋ' (1986) ಹೈದರಾಬಾದಿನ ಕೋಮುಗಲಭೆಯ ಹಿಂದಿನ ರಾಜಕಾರಣವನ್ನು ಕೆದಕಿತು. 'ಸಮ್‌ಥಿಂಗ್ ಲೈಕ್ ಎ ವಾರ್' (1991) ಕುಟುಂಬ ಯೋಜನೆಯ ಗುರಿಸಂಖ್ಯೆಗಳನ್ನು ಹೆಣ್ಣಿನ ಕಡೆಯಿಂದ ನೋಡುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸಾ ಶಿಬಿರದ ಯಾಂತ್ರಿಕ ವೇಗದ ಪಕ್ಕದಲ್ಲಿ, ತಮ್ಮ ಮೈಯ ಬಗ್ಗೆ ನಗುತ್ತ ಮಾತಾಡುವ ಹೆಂಗಸರ ಗುಂಪನ್ನು ಇರಿಸಿದ್ದೇ ಅದರ ಬಲ. 'ಇನ್ವೋಕಿಂಗ್ ಜಸ್ಟೀಸ್' (2011) ತಮಿಳುನಾಡಿನ ಮುಸ್ಲಿಂ ಮಹಿಳೆಯರೇ ನಡೆಸುವ ನ್ಯಾಯಪಂಚಾಯಿತಿಯಾದ ಜಮಾತ್ ಕುರಿತದ್ದು. 'ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ' (2018) ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರದ ವಿದ್ಯಾರ್ಥಿ ಚಳವಳಿಯನ್ನು ದಾಖಲಿಸಿದೆ. ಯುಗಾಂತರದ ಹಳೆಯ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಿದೆ.